ಹಾಡಿನಲ್ಲಿ ಉಳಿಯುವ ನುಡಿ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಹೆಸರನ್ನು ಮಸ್ಕಿ, ಲಿಂಗಸುಗೂರುಗಳ ಗೃಹಸ್ಥರು ಕೇಳಿಯೇ ಇರುವರು. ಪೂರ್ವ ಪಾಕಿಸ್ತಾನವನ್ನು ತೊರೆದುಬಂದ ಬಂಗಾಳೀ ನಿರಾಶ್ರಿತರು 1970ರ ದಶಕದಿಂದ ಅಲ್ಲಿ ನೆಲೆಸಿರುವರು. ಅವರು ಊರನ್ನೂ ಹೊಲವನ್ನೂ ಕಳೆದುಕೊಂಡರು. ಕೀರ್ತನೆಯನ್ನು ಮಾತ್ರ ಕಂಠದಲ್ಲಿಟ್ಟು ತಂದರು.

ಬಂಗಾಳದ ಕೀರ್ತನಮೇಳವು ಕೂಡಿಕೊಳ್ಳುವ ಕ್ರಮವು ಸರಳವಾದುದು. ಮುಖ್ಯ ಗಾಯಕನು ಪದವನ್ನು ಎತ್ತಿಕೊಡುವನು. 'ದೋಹಾರ'ರೆಂಬ ಹಿಮ್ಮೇಳದವರು ಅದನ್ನೇ ಮರಳಿ ಹಾಡುವರು. ಮಣ್ಣಿನ ಒಡಲಿನ 'ಖೋಲ್' ಎಂಬ ಮದ್ದಳೆಯೂ ಕರತಾಳವೂ ಇದ್ದರೆ ಸಾಕು. ಅಕ್ಷರವರಿಯದವನೂ ಸೇರಬಹುದಾದುದರಿಂದ ನಾಲ್ವರ ಮೇಳವು ನಲವತ್ತಾಗುವುದು. ಮಾನ್ವಿಯ ಜಗನ್ನಾಥದಾಸರ (1728–1809) ಪದಗಳೂ ನಮ್ಮ ಭಜನೆಗಳಲ್ಲಿ ಹೀಗೆಯೇ ಹಬ್ಬಿದುವಲ್ಲವೆ?

ಆದರೆ ಕನ್ನಡ ಶಾಲೆಯಲ್ಲಿ ಓದುವ ಬಂಗಾಳೀ ಬಾಲಕನಿಗೆ ತನ್ನ ಲಿಪಿಯ ಪಾಠವು ದೊರೆಯದು. ಅವನ ಪಾಲಿಗೆ ಈ ಮೇಳವೇ ಮಾತೃಭಾಷೆಯ ಪಾಠಶಾಲೆ. ಹಿರಿಯರ ಕಂಠವು ಅಡಗುವುದಕ್ಕೆ ಮೊದಲೇ ಕಿರಿಯರು ಕರತಾಳವನ್ನು ಹಿಡಿಯದಿದ್ದರೆ, ಹಾಡಿನೊಡನೆ ನುಡಿಯೂ ಹೋದೀತು. ಓದಿಸಿದ ಪದ್ಯವನ್ನು ಮಕ್ಕಳು ಮರೆಯುವರು, ಹಾಡಿಸಿದುದನ್ನು ಮರೆಯರು. ಬಹುಕಾಲದ ಅಧ್ಯಾಪನದಲ್ಲಿ ನಾವು ಕಂಡುದಿದು. ದೂರದೇಶಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಗೃಹಸ್ಥರಿಗೂ ನಮ್ಮ ಬಿನ್ನಹವಿಷ್ಟೆ: ವಾರಕ್ಕೊಂದು ಸಂಜೆ ಮನೆಯಲ್ಲಿ ಒಂದು ಪದವನ್ನು ಎತ್ತಿಕೊಡಿರಿ, ಮರಳಿ ಹಾಡುವ ಕೆಲಸವನ್ನು ಮಕ್ಕಳಿಗೆ ಬಿಡಿರಿ.