ಬ್ಯಾಟರಿಯ ಮೇಲಿನ ಅಪವಾದ

ಡಿಸೆಂಬರ್ ಬಂತೆಂದರೆ ನಮ್ಮ ಪಿಂಪ್ರಿ-ಚಿಂಚವಾಡದಲ್ಲಿ ಬೆಳಗಿನ ಆರು ಗಂಟೆಗೆ ಒಂದು ಸದ್ದು ಕೇಳಿಸತೊಡಗುತ್ತದೆ. ಮಫ್ಲರ್ ಸುತ್ತಿಕೊಂಡ ಯಾರೋ ಡೀಸೆಲ್ ಗಾಡಿಯ ಕೀಲಿ ತಿರುಗಿಸುತ್ತಾರೆ, ಎಂಜಿನ್ ‘ಉಂಯ್... ಉಂಯ್...’ ಎಂದು ನರಳಿ ಸುಮ್ಮನಾಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದ ದಿನ ಇದು ಗಲ್ಲಿಗೊಂದರಂತೆ. ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತವರ ತೀರ್ಪು ಮಾತ್ರ ಒಂದೇ: “ಬ್ಯಾಟರಿ ಹೋಗಿದೆ.”

ಹೋದ ವರ್ಷ ಆ ತೀರ್ಪು ಕೊಟ್ಟವನು ನಾನೇ.

ನಮ್ಮ ಸೊಸೈಟಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನ ಚಾಲಕರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಸಾಲ ಮಾಡಿ ಹಳೆಯ ಡೀಸೆಲ್ ವ್ಯಾನು ಕೊಂಡವರು. ಒಂದು ದಿನ ಗಾಡಿ ಚಾಲೂ ಆಗದೆ ಒದ್ದಾಡುತ್ತಿದ್ದಾಗ ನಾನು ಮೇಲಿನಿಂದಲೇ “ಬ್ಯಾಟರಿ ಬದಲಿಸಿಬಿಡಿ” ಎಂದೆ. ನಾನು ಓದಿದವನು, ಕಂಪ್ಯೂಟರಿನವನು, ಅವರು ನಂಬಿದರು. ಏಳು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರು. ನಾಲ್ಕು ದಿನ ಗಾಡಿ ಪರವಾಗಿಲ್ಲ ಅನ್ನಿಸಿತು. ಚಳಿ ಇನ್ನಷ್ಟು ಏರಿದ ಬೆಳಿಗ್ಗೆ ಮತ್ತೆ ಅದೇ ನರಳಾಟ.

ಗ್ಯಾರೇಜಿನವರು ಸ್ಟಾರ್ಟರ್ ಮೋಟರ್ ಕಡೆ ಬೆರಳು ತೋರಿಸಿದರು, ಇನ್ನೂ ಒಂಬತ್ತು ಸಾವಿರ. ಅದರ ನಡುವೆ ಮೂರು ದಿನ ಮಕ್ಕಳು ತಡವಾಗಿ ಶಾಲೆ ತಲುಪಿದ್ದರು. ಇಬ್ಬರು ಪಾಲಕರು ಬೇರೆ ವ್ಯಾನು ನೋಡಿಕೊಳ್ಳುತ್ತೇವೆ ಎಂದಿದ್ದರು. ಭಾನುವಾರ ಸಂಜೆ ಅವರು ಬಾಗಿಲಿಗೆ ಬಂದು “ಸರ್, ಸ್ಟಾರ್ಟರ್ ಹಾಕಸ್ಲೇನ್ರಿ?” ಎಂದು ಕೇಳಿದಾಗ ನನಗೆ ಹೂಂ ಅನ್ನುವ ಧೈರ್ಯ ಬರಲಿಲ್ಲ. ಮನೆಯ ಇನ್ವರ್ಟರ್ ನೋಡಲೆಂದು ಕೊಂಡಿದ್ದ ನಾಲ್ಕು ನೂರು ರೂಪಾಯಿಯ ಮಲ್ಟಿಮೀಟರ್ ಹುಡುಕಿ ಇಟ್ಟುಕೊಂಡೆ. ಮರುದಿನ ಐದೂವರೆಗೆ, ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರುವಾಗಲೇ, ಕೆಳಗಿಳಿದೆ.

ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವ ಹೇಳಿಬಿಡುತ್ತೇನೆ. ಅದಕ್ಕೆ ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಎಂಜಿನ್ ಚುರುಕಾಗಿ ತಿರುಗಿದರೆ ಮಾತ್ರ ಆ ಶಾಖ ಉಳಿಯುತ್ತದೆ. ನಿಧಾನವಾದರೆ ತಣ್ಣನೆಯ ಲೋಹ ಅದನ್ನು ಹೀರಿಬಿಡುತ್ತದೆ, ಗಾಳಿಯೂ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಸೋರುತ್ತದೆ. ಗ್ಲೋ ಪ್ಲಗ್ಗುಗಳು ಮೊದಲೇ ಕಾದು ಈ ಕೆಲಸಕ್ಕೆ ನೆರವಾಗುತ್ತವೆ. ಆದ್ದರಿಂದ ಮೊದಲ ಪ್ರಶ್ನೆ: ಎಂಜಿನ್ ನಿಧಾನವಾಗಿ ತಿರುಗುತ್ತಿದೆಯೋ, ಅಥವಾ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವೋ? ಎರಡನೆಯದಾದರೆ ಗ್ಲೋ ಪ್ಲಗ್, ಅದರ ರಿಲೇ, ಫಿಲ್ಟರ್, ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ ನೋಡಬೇಕು. ನಮ್ಮದು ಮೊದಲನೆಯ ಜಾತಿ.

ಬ್ಯಾಟರಿಯ ಎರಡು ತುದಿಗಳ ನಡುವೆ ಮೀಟರ್ ಇಟ್ಟೆ: 12.6 ವೋಲ್ಟ್. ಅಂದರೆ ತುಂಬಿದ ಬ್ಯಾಟರಿ. 12.2 ಇದ್ದಿದ್ದರೆ ಅರ್ಧ ಖಾಲಿ ಎನ್ನಬಹುದಿತ್ತು.

ಈಗ ಕೀಲಿ ತಿರುಗಿಸಲು ಹೇಳಿದೆ. ಎಂಜಿನ್ ನರಳುತ್ತಿರುವಾಗಲೇ ಬ್ಯಾಟರಿಯ ತುದಿಗಳಲ್ಲಿ 11.2. ಇಲ್ಲಿ ನಾನು ತಡೆದು ನಿಂತೆ. ಬ್ಯಾಟರಿ ದುರ್ಬಲವಾಗಿದ್ದರೆ ಈ ಅಂಕಿ 9.6ಕ್ಕಿಂತ ಕೆಳಗೆ ಕುಸಿಯಬೇಕಿತ್ತು. ಸ್ಟಾರ್ಟರ್ ಒಳಗೇ ಬಿಗಿದುಕೊಂಡು ಅತಿಯಾಗಿ ಕರೆಂಟು ಎಳೆಯುತ್ತಿದ್ದರೂ ಕುಸಿಯಬೇಕಿತ್ತು. ಎಂಜಿನ್ ನಿಧಾನ, ಬ್ಯಾಟರಿ ಮಾತ್ರ ನಿರಾಳ! ಎಂದರೆ ಕರೆಂಟು ದಾರಿಯಲ್ಲೇ ಎಲ್ಲೋ ತಡೆಯುತ್ತಿದೆ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತುದಿಗೆ, ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಕೇಬಲ್ ಸೇರುವ ಬೋಲ್ಟಿಗೆ ಹಿಡಿದು ಕೀಲಿ ತಿರುಗಿಸಿದಾಗ 0.2. ಆ ದಾರಿ ಸ್ವಚ್ಛ. ಆಮೇಲೆ ಬ್ಯಾಟರಿಯ ಮೈನಸ್ ತುದಿ ಮತ್ತು ಎಂಜಿನ್ನಿನ ಬರಿಯ ಲೋಹದ ನಡುವೆ: 2.4 ವೋಲ್ಟ್. ಅಲ್ಲಿ ಅರ್ಧ ವೋಲ್ಟ್ ಕೂಡ ಇರಬಾರದು. ಮೈನಸ್ ತುದಿಯಿಂದ ನೇರವಾಗಿ ಎಂಜಿನ್ನಿನ ಲೋಹಕ್ಕೆ ಒಂದು ಜಂಪರ್ ಕೇಬಲ್ ಕಚ್ಚಿಸಿದೆವು. ಕೀಲಿ ತಿರುಗಿಸಿದ್ದೇ ತಡ, ಗಾಡಿ ಗುಡುಗಿ ಎದ್ದಿತು.

ತಪ್ಪಿತಸ್ಥ ಸಿಕ್ಕಿದ್ದು ಸಂಜೆ, ವ್ಯಾನಿನ ಕೆಳಗೆ ಮಲಗಿ ನೋಡಿದಾಗ. ಗೇರ್‌ಬಾಕ್ಸಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿ. ಹಲವು ಮಳೆಗಾಲಗಳ ನೀರು-ಕೆಸರಿಗೆ ಎಳೆಗಳು ಹಸಿರುಗಟ್ಟಿ, ಬೋಲ್ಟಿನ ಕೆಳಗೆ ತುಕ್ಕು ಕುಳಿತಿತ್ತು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದೆವು. ಖರ್ಚು ಮುನ್ನೂರು ರೂಪಾಯಿ.

ಹಾಗಾದರೆ ಮಧ್ಯಾಹ್ನ ಅದೇ ಗಾಡಿ ಹೇಗೆ ಚಾಲೂ ಆಗುತ್ತಿತ್ತು? ಲೆಕ್ಕ ಸುಲಭ. 0.015 ಓಮ್ ತಡೆ ಇದೆ ಎಂದುಕೊಳ್ಳಿ. ಹೆಡ್‌ಲೈಟಿನ 10 ಆಂಪಿಯರ್ ಅದರ ಮೂಲಕ ಹಾದರೆ ನಷ್ಟವಾಗುವುದು 0.15 ವೋಲ್ಟ್, ಯಾರಿಗೂ ತಿಳಿಯದು. ಸ್ಟಾರ್ಟರಿನ 160 ಆಂಪಿಯರ್ ಹಾದರೆ 2.4 ವೋಲ್ಟ್ ಮಾಯ. ಚಳಿಯಲ್ಲಿ ಎಂಜಿನ್ ಆಯಿಲ್ ಮಂದವಾಗಿ ತಿರುಗಿಸಲು ಹೆಚ್ಚು ಬಲ ಬೇಕು, ಹೊತ್ತಿಕೊಳ್ಳಲು ಹೆಚ್ಚು ವೇಗವೂ ಬೇಕು. ಆಗಲೇ ಈ ನಷ್ಟ ಕಾಡುವುದು. ಗ್ಲೋ ಪ್ಲಗ್ಗುಗಳ ಕರೆಂಟು ಮರಳುವುದೂ ಎಂಜಿನ್ನಿನ ಲೋಹದ ಮೂಲಕವೇ, ಹಾಗಾಗಿ ಅವೂ ಅರೆಬರೆ ಕಾಯುತ್ತವೆ. ಗ್ಯಾರೇಜಿನಲ್ಲಿ ಮೀಟರಿನ ‘ಪೀಂ’ ಸದ್ದು ಕೇಳಿಸಿ ತಂತಿ ಸರಿಯಿದೆ ಎಂದಿದ್ದರಂತೆ. ಹತ್ತು ಎಳೆ ಉಳಿದ ತಂತಿಯೂ ‘ಪೀಂ’ ಅನ್ನುತ್ತದೆ. ಭಾರ ಹೊತ್ತಾಗಲೇ ಅದರ ಬಣ್ಣ ಬಯಲಾಗುವುದು.

ಅಮೆರಿಕ, ಕೆನಡಾಗಳಲ್ಲಿ ಹಿಮ ಸರಿಸುವ ಡೀಸೆಲ್ ಟ್ರಕ್ಕುಗಳಿಗೂ ಇದೇ ರೋಗ. ಅಲ್ಲಿ ರಸ್ತೆಗೆ ಎರಚುವ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ನಮ್ಮ ಮಳೆಗಾಲ ಮಾಡುತ್ತದೆ. ಆದರೆ ಡೀಸೆಲ್ ಮೇಣಗಟ್ಟುವ ಕಾಟ ನಮಗಿಲ್ಲ. ಅದು ಲಡಾಖ್‌ನಂಥ ಕಡೆಯ ಸಮಸ್ಯೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಪುಣೆಯ ಚಳಿಗೆ ಟ್ಯಾಂಕಿಗೆ ಏನೇನೋ ಸುರಿಯಿರಿ ಎನ್ನುವವರ ಮಾತು ಕೇಳಬೇಡಿ. ನಿಜಕ್ಕೂ ಬ್ಯಾಟರಿಯನ್ನು ಸವೆಸುವುದು ನಮ್ಮ ಏಪ್ರಿಲ್-ಮೇ ಬಿಸಿಲು. ಚಳಿಗಾಲ ಅದನ್ನು ಬಯಲು ಮಾಡುತ್ತದೆ, ಅಷ್ಟೇ.

ನೀವೂ ಪರೀಕ್ಷಿಸುವುದಾದರೆ ಕೆಲವು ಎಚ್ಚರ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮಫ್ಲರ್, ದುಪಟ್ಟಾ, ಮೀಟರಿನ ತಂತಿ ಫ್ಯಾನ್ ಬೆಲ್ಟಿನಿಂದ ದೂರವಿರಲಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬೇಡಿ, ಸ್ಟಾರ್ಟರಿಗೆ ಒಂದು ನಿಮಿಷ ವಿರಾಮ ಕೊಡಿ. ಬೇರೆ ಗಾಡಿಯಿಂದ ಜಂಪ್ ಕೊಡುವಾಗ ಕೊನೆಯ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಲೋಹಕ್ಕೆ ಹಾಕಿ. ಬ್ಯಾಟರಿಯ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಲೇಬೇಡಿ. ಚಾಲೂ ಆದ ಮೇಲೆ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ತೋರಿಸಿದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ.

ಪಟ್ಟಿ ಬಿಗಿದ ಸಂಜೆ ಬ್ಯಾಟರಿಯ ಅರ್ಧ ಹಣ ನಾನು ಕೊಡುತ್ತೇನೆ ಎಂದೆ. “ಬಿಡ್ರಿ ಸರ್, ಹೊಸಾ ಬ್ಯಾಟರಿ ಎಲ್ಲಿ ಓಡಿ ಹೋಗ್ತೈತಿ” ಎಂದು ನಕ್ಕರು. ಹಳೆಯ ಬ್ಯಾಟರಿಯನ್ನು ಅಂಗಡಿಯವರು ಹಿಂತಿರುಗಿಸಿಕೊಂಡು ಸಾವಿರ ರೂಪಾಯಿ ಕಳೆದಿದ್ದರಂತೆ. ಅದು ಚೆನ್ನಾಗಿಯೇ ಇತ್ತೇನೋ. ಅಂದು ಅಳೆಯಲಿಲ್ಲ, ಈಗ ಅಳೆಯಲಾಗದು. ಹಣ ಬೇಡವೆಂದವರು ಮಲ್ಟಿಮೀಟರ್ ಮಾತ್ರ ಕೇಳಿ ಪಡೆದರು. ಅದೀಗ ವ್ಯಾನಿನ ಸೀಟಿನ ಕೆಳಗಿದೆ. ಈ ಚಳಿಗಾಲದಲ್ಲಿ ಪಕ್ಕದ ಕಟ್ಟಡದ ಗಾಡಿಯೊಂದು ನರಳಿದಾಗ ಬಾಲ್ಕನಿಯಲ್ಲಿದ್ದ ನನ್ನ ಬಾಯಿಗೆ ಹಳೆಯ ತೀರ್ಪು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವರು ಮೀಟರ್ ಹಿಡಿದು ಆ ಕಡೆ ಹೊರಟಿದ್ದರು. ನಾನು ಚಹಾ ಕುಡಿದೆ.