ಮಿತವ್ಯಯದ ಕತ್ತರಿ ಶಾಲೆಯ ಮೇಲೇಕೆ?

ಬೊಕ್ಕಸ ಬರಿದಾದಾಗಲೆಲ್ಲ ಸರ್ಕಾರಕ್ಕೆ ಮಿತವ್ಯಯದ ನೆನಪಾಗುತ್ತದೆ. ಆ ಕತ್ತರಿ ಮೊದಲು ಆಡುವುದು ಬಾಯಿಲ್ಲದವರ ಮೇಲೆ. ಹಳ್ಳಿಯ ಶಾಲೆಗಿಂತ ಬಾಯಿಲ್ಲದ್ದು ಯಾವುದಿದೆ?

ಶಾಲೆಯ ಹಣ ಕಡಿತ ಮಾಡಿದ್ದೇವೆಂದು ಯಾವ ಮಂತ್ರಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಉಪಾಯ ಬೇರೆ. ನಿವೃತ್ತರಾದ ಉಪಾಧ್ಯಾಯರ ಸ್ಥಾನವನ್ನು ತುಂಬದೆ ಬಿಡುವುದು. ಕರ್ನಾಟಕದಲ್ಲಿ ನಡೆದಿರುವಂತೆ, ಅಲ್ಪ ಗೌರವಧನದ ಅತಿಥಿ ಶಿಕ್ಷಕರಿಂದ ವರ್ಷವರ್ಷವೂ ಕಾಲ ತಳ್ಳುವುದು. ಒಬ್ಬರೇ ಮೇಷ್ಟ್ರು ಐದು ತರಗತಿ ನಡೆಸುವಲ್ಲಿ ಮಕ್ಕಳು ನಿಲ್ಲುವರೇ? ಕೂಲಿಕಾರನೂ ಸಾಲ ಮಾಡಿ ಮಗುವನ್ನು ಖಾಸಗಿ ಶಾಲೆಗೆ ಸೇರಿಸುತ್ತಾನೆ. ಆಮೇಲೆ ಮಕ್ಕಳಿಲ್ಲವೆಂದು ಶಾಲೆಗೆ ಬೀಗ! ಹಸಿವಿನಿಂದ ಸಾಯಿಸಿ, ರೋಗದಿಂದ ಸತ್ತಿತೆನ್ನುವ ಮಾತು ಇದು.

ರಾಷ್ಟ್ರೀಯ ಆದಾಯದ ಶೇಕಡ 6 ಭಾಗ ಶಿಕ್ಷಣಕ್ಕೆ ಸಲ್ಲಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ 6ನ್ನು ಜಪಿಸಿತು. ಜಪ ನಡೆದಿದೆ, ಹಣ ಬಂದಿಲ್ಲ. ಮಂಜೂರಾದ ಉಪಾಧ್ಯಾಯರ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 26ನೇ ಕಲಮು ವಿಧಿಸಿದೆ. ಕಾನೂನು ಮುರಿದ ಬಡವನಿಗೆ ಲಾಠಿ, ಮುರಿದ ಸರ್ಕಾರಕ್ಕೆ?

ಹಣವಿಲ್ಲವೆಂಬ ಮಾತನ್ನು ಒಪ್ಪಲಾಗದು. 2019ರಲ್ಲಿ ಕಂಪೆನಿಗಳ ತೆರಿಗೆ ಇಳಿಸಿದಾಗ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿತು. ಉಳ್ಳವರಿಗೆ ಬಿಡಲು ಹಣವುಂಟು, ಉಪಾಧ್ಯಾಯರಿಗೆ ಕೊಡಲು ಇಲ್ಲ!

ಯಾವ ಖರ್ಚನ್ನಾದರೂ ಕತ್ತರಿಸಲಿ, ಶಾಲೆಯದನ್ನು ಮುಟ್ಟಕೂಡದು. ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಬೇಕು. ಗ್ರಾಮಸಭೆಗಳು ಹೀಗೆಂದು ಠರಾವು ಮಾಡಿ ತಮ್ಮ ಶಾಸಕರ ಮುಂದಿಟ್ಟು ಉತ್ತರ ಕೇಳಲಿ.