ನಾಲ್ಕು ಗ್ರಾಮಿನ ಅಪವಾದ

ನಿನ್ನೆ ಸಾರಿಗೆ ಉಪ್ಪು ಹದವಾಗಿತ್ತು, ಇವತ್ತು ಒಂದು ಚಿಟಿಕೆ ಹೆಚ್ಚಾಗಿದೆ. ಅಷ್ಟಕ್ಕೇ ‘ನಿನ್ನ ಲಕ್ಷ್ಯ ಎಲ್ಲಿತ್ತು?’ ಎಂಬ ಪ್ರಶ್ನೆ ಏಳುತ್ತದೆ. ನಾಳೆ ಮತ್ತೆ ಹದಕ್ಕೆ ಬಂದರೆ, ತಾವು ಬೈದದ್ದರಿಂದಲೇ ಸರಿಹೋಯಿತೆಂದು ಬೈದವರು ನಂಬುತ್ತಾರೆ. ಈ ನಂಬಿಕೆ ಅಡುಗೆಮನೆಯಲ್ಲಷ್ಟೇ ಇದ್ದಿದ್ದರೆ ನಾನು ಇದನ್ನು ಬರೆಯಲು ಕೂಡ್ರುತ್ತಿರಲಿಲ್ಲ. ಅದು ನಮ್ಮ ದುಡಿಮೆಯ ಲೆಕ್ಕದೊಳಗೂ ಬಂದು ಕುಳಿತಿದೆ.

ತುಕ್ಕಾನಟ್ಟಿಯಲ್ಲಿ ನಾವು ಕೆಲವು ಹೆಂಗಸರು ಕೂಡಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಪಾಕೀಟು ಕಟ್ಟಿ ಮಾರುತ್ತೇವೆ. ಪಾಕೀಟಿನ ಮೇಲೆ 250 ಗ್ರಾಂ ಎಂದು ಅಚ್ಚಾಗಿರುತ್ತದೆ. ಸಗಟು ಕೊಳ್ಳುವ ಸಾವಕಾರರೊಬ್ಬರು ರಾಶಿಯೊಳಗಿನ ಒಂದೇ ಒಂದು ಪಾಕೀಟನ್ನು ತಕ್ಕಡಿಗೆ ಹಾಕಿ, “ಏನವಾ, ನಾಕ ಗ್ರಾಂ ಕಡಿಮಿ ಐತೆಲ್ಲ? ಕಟ್ಟಿದಾಕಿ ಯಾರ?” ಎಂದು ಕೇಳಿ, ಆಕೆಯ ಹೆಸರಿನಲ್ಲಿ ದುಡ್ಡು ಮುರಿದುಕೊಂಡರು. ಅದೇ ರಾಶಿಯಲ್ಲಿ 250ಕ್ಕಿಂತ ಹೆಚ್ಚು ತೂಗುವ ಪಾಕೀಟು ಎಷ್ಟಿದ್ದವೆಂದು ಅವರು ಕೇಳಲಿಲ್ಲ. ಹೆಚ್ಚಾದದ್ದು ಅವರಿಗೆ ಲಾಭ, ಕಡಿಮೆಯಾದದ್ದು ನಮಗೆ ದಂಡ.

ಇದು ನ್ಯಾಯವಲ್ಲ ಎಂದು ನಾನು ಹೇಳಿದರೆ ಹೆಂಗಸಿನ ವಾದವೆನ್ನುತ್ತಾರೆ. ಕಾಯ್ದೆ ಏನು ಹೇಳುತ್ತದೆಂದು ನೋಡೋಣ. ತೂಕ ಅಳತೆಗೆ 2009ರಲ್ಲಿ ಹೊಸ ಕಾನೂನು ಬಂತು. 2011ರಲ್ಲಿ ಪೊಟ್ಟಣದ ಸಾಮಾನುಗಳಿಗೆ ನಿಯಮಗಳಾದವು. ಅವುಗಳ ಪ್ರಕಾರ ಒಂದು ರಾಶಿಯನ್ನು ಪರೀಕ್ಷಿಸುವಾಗ ಹಲವು ಪೊಟ್ಟಣಗಳನ್ನು ಎತ್ತಿ ತೂಗಬೇಕು, ಅವುಗಳ ಸರಾಸರಿ ನೋಡಬೇಕು. ಒಂದೊಂದು ಪೊಟ್ಟಣ ಎಷ್ಟು ತಪ್ಪಬಹುದು ಎಂಬುದಕ್ಕೂ ಮಿತಿ ಇದೆ. 200ರಿಂದ 300 ಗ್ರಾಮಿನ ಪೊಟ್ಟಣಕ್ಕೆ ಅದು 9 ಗ್ರಾಂ. ಯಾವ ಎರಡು ಪೊಟ್ಟಣವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತೂಗುವುದಿಲ್ಲ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಒಪ್ಪದಿರುವವರು ನಮ್ಮ ನಡುವಿನವರೇ.

ಈ ಏರಿಳಿತದ ಶಾಸ್ತ್ರಕ್ಕೆ ಒಂದು ಶತಮಾನ ದಾಟಿದೆ. ಅಮೆರಿಕೆಯ ಬೆಲ್ ಟೆಲಿಫೋನ್ ಕಂಪನಿಯವರ ಕಡೆ ಕೆಲಸಕ್ಕಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಮೊದಲ ನಿಯಂತ್ರಣ ಪಟವನ್ನು ಬರೆದು ತೋರಿಸಿದ. ಅವನು ಹೇಳಿದ್ದಿಷ್ಟು: ಏರಿಳಿತದಲ್ಲಿ ಎರಡು ಜಾತಿ. ಒಂದು, ಕೆಲಸದ ರೀತಿಯಲ್ಲೇ ಬೆರೆತಿರುವಂಥದು. ನೂರು ಸಣ್ಣ ಕಾರಣ ಕೂಡಿ ಆಗುವುದು, ಯಾರೊಬ್ಬರ ತಪ್ಪೂ ಅಲ್ಲ. ಇನ್ನೊಂದು, ಹೊರಗಿನಿಂದ ಹೊಸದಾಗಿ ಬಂದು ಸೇರಿದ್ದು. ಅದನ್ನು ಹುಡುಕಬೇಕು, ಹುಡುಕಿದರೆ ಸಿಗುತ್ತದೆ. ಮೊದಲನೆಯದಕ್ಕೆ ಎರಡನೆಯದರ ಶಿಕ್ಷೆ ಕೊಡಬಾರದು.

ಇದು ನಮ್ಮ ದೇಶಕ್ಕೂ ಹೊಸದಲ್ಲ. ಪ್ರಶಾಂತಚಂದ್ರ ಮಹಲನೋಬಿಸರ ಕರೆಗೆ ಓಗೊಟ್ಟು ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದಿದ್ದ. 1950ರ ದಶಕದಲ್ಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬೆಂಗಳೂರಿನಲ್ಲಿ ಇದಕ್ಕಾಗಿ ಘಟಕ ತೆರೆಯಿತು. ದೇಶದಲ್ಲಿ ಇದನ್ನು ಮೊದಮೊದಲು ಕಲಿತವರಲ್ಲಿ ಬಟ್ಟೆ ಗಿರಣಿಯವರೂ ಇದ್ದರು. 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ಎದ್ದ ಸೀಮೆಯವರು ನಾವು. ನೂಲಿನ ನಂಬರು ಎಂದರೇನೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ನೂಲುವ ಗಿರಣಿಯಲ್ಲಿ 120 ಗಜ ನೂಲನ್ನು ಸುತ್ತಿ ತೂಗಿ ನಂಬರು ನೋಡುತ್ತಾರೆ. ಒಂದು ಸುತ್ತು ಹಗುರವಾದ ಮಾತ್ರಕ್ಕೆ ಯಂತ್ರ ಬಿಚ್ಚುವುದಿಲ್ಲ. ಹಲವು ಸುತ್ತುಗಳ ಲೆಕ್ಕ ಹಾಕಿ ಆಮೇಲೆ ಕೈ ಹಚ್ಚುತ್ತಾರೆ. ಕಬ್ಬಿಣದ ಯಂತ್ರಕ್ಕೆ ಕೊಡುವ ಈ ಮರ್ಯಾದೆ ಹೆಂಗಸಿನ ಕೈಗೆ ಯಾಕಿಲ್ಲ?

ಪಟ ಬರೆಯುವುದು ಚುಕ್ಕೆ ರಂಗೋಲಿಗಿಂತ ಕಷ್ಟವೇನಲ್ಲ. ದಿನಕ್ಕೊಮ್ಮೆ ಸಾಲಾಗಿ ಕಟ್ಟಿದ ಐದು ಪಾಕೀಟುಗಳನ್ನು ಆರಿಸದೆ ಎತ್ತಿ, ಖಾಲಿ ಪಾಕೀಟಿನ ತೂಕ ಕಳೆದು ತೂಗಬೇಕು. ಐದರ ಸರಾಸರಿ ಒಂದು ಚುಕ್ಕೆ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಇರುವ ಅಂತರವನ್ನು ಬೇರೆ ಬರೆದಿಡಬೇಕು. ಇಪ್ಪತ್ತೈದು ದಿನವಾದ ಮೇಲೆ ಸರಾಸರಿಗಳದೇ ಸರಾಸರಿ ತೆಗೆದರೆ ನಡುಗೆರೆ. ಅಂತರಗಳ ಸರಾಸರಿಯನ್ನು 0.577ರಿಂದ ಗುಣಿಸಿ ನಡುಗೆರೆಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಲೆಕ್ಕಕ್ಕಾಗಿ ನಡುಗೆರೆ 252, ಅಂತರ 6 ಗ್ರಾಂ ಎಂದಿಟ್ಟುಕೊಳ್ಳಿ. ಆಗ ಗೆರೆಗಳು ಸುಮಾರು 255.5 ಮತ್ತು 248.5. ಅವು ಐದರ ಸರಾಸರಿಗೆ ಹಾಕಿದ ಬೇಲಿ. ಒಂಟಿ ಪಾಕೀಟು ಅದೇ ರೀತಿಯ ಕೆಲಸದಲ್ಲಿ 244ರಿಂದ 260ರವರೆಗೂ ಓಡಾಡುತ್ತದೆ. ಅಂಥಲ್ಲಿ 246 ತೂಗಿದ ಒಂದು ಪಾಕೀಟು ಹಿಡಿದು ಕಟ್ಟಿದಾಕೆಯ ಹೆಸರು ಕೇಳುವುದು, ಮಳೆಹನಿ ಬಿದ್ದದ್ದಕ್ಕೆ ಹಂಚಿನ ಹೆಸರು ಕೇಳಿದಂತೆ.

ಆದರೆ ಚುಕ್ಕೆ ಗೆರೆಯ ಹೊರಗೆ ಬಿತ್ತೋ, ಆಗ ಸುಮ್ಮನಿರಬಾರದು. ಕೆಲಸದಲ್ಲಿ ಏನೂ ಬದಲಾಗದಿದ್ದರೆ ಚುಕ್ಕೆ ಹಾಗೆ ಹೊರಗೆ ಬೀಳುವುದು ಸಾವಿರಕ್ಕೆ ಮೂರು ಸಲ ಮಾತ್ರ. ಎಂಟು ಚುಕ್ಕೆ ಎಡೆಬಿಡದೆ ನಡುಗೆರೆಯ ಒಂದೇ ಬದಿಗೆ ಬಿದ್ದರೂ ಅದು ಎಚ್ಚರಿಕೆಯೇ. ತಕ್ಕಡಿ ಕೆಟ್ಟಿದೆಯೇ, ಅಳೆಯುವ ಬಟ್ಟಲು ಬದಲಾಯಿತೇ, ಶೇಂಗಾ ಹಸಿ ಉಳಿಯಿತೇ ಎಂದು ಆಗ ಹುಡುಕಬೇಕು.

ಬೈಗುಳ ಎಷ್ಟು ವ್ಯರ್ಥವೆಂದು ತೋರಿಸಲು ಎಡ್ವರ್ಡ್ಸ್ ಡೆಮಿಂಗ್ ಎಂಬ ಪಂಡಿತ ಒಂದು ಆಟ ಆಡಿಸುತ್ತಿದ್ದ. ಪೆಟ್ಟಿಗೆಯ ತುಂಬ ಮಣಿ. ಐದರಲ್ಲೊಂದು ಪಾಲು ಕೆಂಪು, ಉಳಿದವು ಬಿಳಿ. ಐವತ್ತು ಗುಳಿಯ ಹಲಗೆ ಮುಳುಗಿಸಿ, ಕೆಂಪು ಬಾರದಂತೆ ಬಿಳಿ ಮಣಿ ಎತ್ತಬೇಕು. ಕೆಂಪು ಕಡಿಮೆ ಬಂದವರಿಗೆ ಶಹಬ್ಬಾಸ್, ಹೆಚ್ಚು ಬಂದವರಿಗೆ ಛೀಮಾರಿ. ಲೆಕ್ಕ ಹಾಕಿದರೆ ಎರಡರಿಂದ ಹದಿನೆಂಟರವರೆಗೆ ಎಷ್ಟು ಕೆಂಪು ಬಂದರೂ ಅದು ಪೆಟ್ಟಿಗೆಯ ಗುಣವೇ ಹೊರತು ಕೈಯ ಗುಣವಲ್ಲ. ಪೆಟ್ಟಿಗೆಗೆ ಕೆಂಪು ಮಣಿ ಸುರಿದವರನ್ನು ಮಾತ್ರ ಯಾರೂ ಬೈಯುವುದಿಲ್ಲ. ಬೇಕಿದ್ದರೆ ಮನೆಯಲ್ಲೇ ಮಣಿ ಕಲೆಸಿ ಮಾಡಿ ನೋಡಿ. ಪ್ರತಿ ಸಲ ಹೆಚ್ಚುಕಡಿಮೆಯಾದಾಗಲೂ ಅಷ್ಟೇ ಅಳತೆ ಹಿಂದೆಮುಂದೆ ತಿರುಗಿಸುತ್ತ ಹೋದರೆ ಏರಿಳಿತ ಇಳಿಯುವುದಿಲ್ಲ, ಇನ್ನೂ ಹೆಚ್ಚುತ್ತದೆ ಎಂಬುದನ್ನೂ ಅವನು ತೋರಿಸಿಕೊಟ್ಟಿದ್ದಾನೆ. ಬೈಸಿಕೊಂಡ ಕೈ ಮಾಡುವುದು ಅದನ್ನೇ: ಇವತ್ತು ಹೆದರಿ ಹೆಚ್ಚು ತುಂಬುತ್ತದೆ, ನಾಳೆ ನಷ್ಟಕ್ಕೆ ಹೆದರಿ ಕಡಿಮೆ ತುಂಬುತ್ತದೆ.

‘ಇದೆಲ್ಲ ಮೈಗಳ್ಳರಿಗೆ ನೆಪ’ ಎನ್ನುವವರಿದ್ದಾರೆ. ಪಟ ಯಾರಿಗೂ ನೆಪ ಕೊಡುವುದಿಲ್ಲ. ನಡುಗೆರೆಯೇ 245ಕ್ಕೆ ನಿಂತಿದ್ದರೆ, ಒಂದು ಚುಕ್ಕೆಯೂ ಗೆರೆ ದಾಟದಿದ್ದರೂ, ಗಿರಾಕಿಗೆ ಮೋಸವಾಗುತ್ತಲೇ ಇರುತ್ತದೆ. ಆ ಮೋಸ ನಿಲ್ಲಬೇಕಾದರೆ ಒಬ್ಬಾಕೆಯ ಕೂಲಿ ಮುರಿದರೆ ಸಾಲದು. ಒಳ್ಳೆಯ ತಕ್ಕಡಿ ತರಬೇಕು, ಅಳತೆ ಬದಲಿಸಬೇಕು, ಹುರಿಯುವ ರೀತಿ ತಿದ್ದಬೇಕು. ಅದಕ್ಕೆ ದುಡ್ಡು ಬೇಕು, ಅಧಿಕಾರ ಬೇಕು. ಅವೆರಡೂ ಯಾರ ಕೈಯಲ್ಲಿವೆಯೋ ಜವಾಬ್ದಾರಿಯೂ ಅವರದೇ. ಪಟ ಕಂಡರೆ ಕೆಲವರಿಗೆ ಆಗದಿರುವುದು ಇದೇ ಕಾರಣಕ್ಕೆ. ಬೈಯುವುದಕ್ಕೆ ಖರ್ಚಿಲ್ಲವಲ್ಲ!

ಪಟ್ಟಣದಲ್ಲಿರುವ ಅಕ್ಕತಂಗಿಯರಿಗೂ ಒಂದು ಮಾತಿದೆ. ನಿಮ್ಮಲ್ಲಿ ಟೀಚರ್‌ಗಳಿದ್ದೀರಿ, ಆಫೀಸಿನಲ್ಲಿ ನಾಲ್ಕು ಮಂದಿಯ ಕೆಲಸ ನೋಡುವವರಿದ್ದೀರಿ, ಮಕ್ಕಳ ಅಂಕಪಟ್ಟಿಗೆ ಸಹಿ ಹಾಕುವವರಿದ್ದೀರಿ. ಕಳೆದ ತಿಂಗಳ 72 ಈ ತಿಂಗಳು 68 ಆದರೆ ಮಗಳನ್ನು ಎದುರಿಗೆ ನಿಲ್ಲಿಸಿಕೊಳ್ಳುವ ಮುಂಚೆ ಹಿಂದಿನ ಹತ್ತು ಪರೀಕ್ಷೆಗಳ ಅಂಕ ಸಾಲಾಗಿ ಬರೆದು ನೋಡಿ. ಎರಡು ಅಂಕಿಗಳ ನಡುವೆ ಕಥೆ ಕಟ್ಟುವುದು ಸುಲಭ, ಹತ್ತು ಅಂಕಿಗಳ ಮುಂದೆ ಸುಳ್ಳು ಹೇಳುವುದು ಕಷ್ಟ.

ನಮ್ಮೂರಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಹಳ್ಳಿಯ ಹೆಂಗಸರಿಗೆ ಉದ್ಯೋಗದ ತರಬೇತಿ ಕೊಡುವವರು ಯಾರೇ ಇರಲಿ, ಎಲ್ಲ ಊರಲ್ಲೂ ಇರಲಿ, ನನ್ನ ಬೇಡಿಕೆ ಒಂದೇ. ಹಿಂಡಿ ಕುಟ್ಟುವುದು, ಪಾಕೀಟಿಗೆ ಚೀಟಿ ಅಂಟಿಸುವುದು ಕಲಿಸಿದ ದಿನವೇ ಒಂದು ಚೌಕುಳಿ ಹಾಳೆಯ ನೋಟ್‌ಬುಕ್ ಕೊಟ್ಟು ಈ ಪಟವನ್ನೂ ಕಲಿಸಿ. ಮಾಲು ಕೊಳ್ಳುವವರ ಜೊತೆ ದರ ಮಾತಾಡುವಾಗಲೇ ಹೆಂಗಸರು ಆ ನೋಟ್‌ಬುಕ್ಕನ್ನೂ ಮುಂದಿಡಲಿ. ದಂಡ ಹಾಕುವುದಿದ್ದರೆ ಒಂದು ಪಾಕೀಟು ನೋಡಿ ಅಲ್ಲ, ಪಟ ನೋಡಿ ಎಂದು ಮೊದಲೇ ಬರೆಸಿಕೊಳ್ಳಲಿ.